ಒಂದೇ ಟೇಕಿನ ಸೂರ್ಯಕಾಂತರು

ಸೂರ್ಯಕಾಂತರ ಸಿನಿಮಾದಲ್ಲಿ ಎರಡನೇ ಟೇಕ್ ಎಂಬುದೇ ಇರಲಿಲ್ಲ. ಕ್ಯಾಮೆರಾ ಮುಂದೆ ಆಡು ಅಡ್ಡ ಬಂದರೂ ಸರಿ, ಹೀರೋನ ಮೀಸೆಯ ಒಂದು ತುದಿ ಕಿತ್ತುಕೊಂಡು ಗಾಳಿಗೆ ಹಾರಾಡಿದರೂ ಸರಿ, ಒಂದು ಸಲ ತೆಗೆದದ್ದು ತೆಗೆದದ್ದೇ. ನಿರ್ದೇಶಕ ರಾಮದಾಸ ತಲೆ ಚಚ್ಚಿಕೊಂಡು "ಒನ್ ಮೋರ್ ಸಾರ್, ಪ್ಲೀಸ್" ಎಂದು ಕೈ ಮುಗಿದರೆ, ಇವರು ಪೊಲೀಸ್ ಟೋಪಿ ಸರಿಮಾಡಿಕೊಳ್ಳುತ್ತ "ಇರಲಿ ಬಿಡ್ರಿ, ಯಾರು ನೋಡ್ತಾರ" ಎನ್ನುತ್ತಿದ್ದರು. ಸಿನಿಮಾ ತೆಗೆಯುವವರು ಆಡುವ ಮಾತೇ ಇದು? ಯಾರೂ ನೋಡದಿದ್ದರೆ ತೆಗೆಯುವುದಾದರೂ ಯಾಕೆ ಎಂದು ಮೊದಲ ಭಾನುವಾರವೇ ನಾನು ಕೇಳಿದ್ದೆ. ಅವರು ನಕ್ಕು, ನನ್ನ ಕೈಗೊಂದು ಕೊಡೆ ಕೊಟ್ಟು, ಹೀರೋಗೆ ನೆರಳು ಹಿಡಿಯಲು ಹೇಳಿದರು.

ನಾನು ಮೈಸೂರಿನವಳು, ಹೆಸರು ಕೃಪಾ. 2004ರಲ್ಲಿ ಹೈದರಾಬಾದಿಗೆ ಬಂದು ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿ ಸೇರಿದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಇಷ್ಟು ದಿನ ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದದ್ದಕ್ಕೆ ಈಗ ಸಂಬಳ ಕೊಡುತ್ತಾರಂತೆ ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮೆಹದಿಪಟ್ಟಣಂನಲ್ಲಿ ರೈತು ಬಜಾರಿನ ಹಿಂದಿನ ಕಾಲೊನಿಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯ ಯಜಮಾನರಾದ ಸೂರ್ಯಕಾಂತರು, ಅವರ ಹೆಂಡತಿ ಬಸಲಿಂಗಮ್ಮ. ಮಗಳು ಸೌಂದರ್ಯಾ ಮದುವೆಯಾಗಿ ಸೊಲ್ಲಾಪುರ ಸೇರಿದ ಮೇಲೆ ಖಾಲಿ ಬಿದ್ದಿದ್ದ ಕೋಣೆ ಅದು. ಕನ್ನಡ ಮಾತಾಡುವ ಹುಡುಗಿ ಎಂದು ಗೊತ್ತಾದ ಕೂಡಲೇ ಬಸಲಿಂಗಮ್ಮ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದುಕೊಟ್ಟರು. ಸೂರ್ಯಕಾಂತರು ತಮ್ಮ ಚಿತ್ರಕಥೆ ತಂದುಕೊಟ್ಟರು.

ಇಬ್ಬರೂ ಲಿಂಗಸುಗೂರು ಕಡೆಯವರು. ಸೂರ್ಯಕಾಂತರಿಗೆ ಆಗ ಐವತ್ನಾಲ್ಕು. ಸಣಕಲು ದೇಹ, ದಪ್ಪ ಕನ್ನಡಕ, ನಾಂಪಲ್ಲಿಯ ಒಂದು ಸರಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳ ಗುಮಾಸ್ತಿಕೆ. ಹುಡುಗರಾಗಿದ್ದಾಗ ಊರ ನಾಟಕದಲ್ಲಿ ಅವರಿಗೆ ಪ್ರತಿವರ್ಷವೂ ದ್ವಾರಪಾಲಕನ ಪಾತ್ರ. ಈಟಿ ಹಿಡಿದು ನಿಲ್ಲುವುದು, ಅಷ್ಟೇ. "ಆರು ವರ್ಷ ನಿಂತೀನಿ ನೋಡವ್ವ. ಒಂದ ಮಾತು ಕೊಡಲಿಲ್ಲ ಮಕ್ಕಳು" ಎಂದು ಈಗಲೂ ಹಲ್ಲು ಕಡಿಯುತ್ತಿದ್ದರು. ಎಂಬತ್ತರ ದಶಕದಲ್ಲಿ ಕೊಂಡಾಪುರದ ಕಡೆ ಬರೀ ಬಂಡೆಗಲ್ಲು ತುಂಬಿದ ಒಂದು ಪ್ಲಾಟು ಕೊಂಡಿದ್ದರು. ಕಲ್ಲು ಬಿತ್ತಿ ಕಲ್ಲು ಬೆಳೀತೀಯೇನು ಎಂದು ನೆಂಟರೆಲ್ಲ ನಕ್ಕಿದ್ದರಂತೆ. ಸಾಫ್ಟ್‌ವೇರ್ ಕಂಪನಿಗಳು ಬಂದವು, ಕಲ್ಲಿಗೆ ಬಂಗಾರದ ಬೆಲೆ ಬಂತು. ಹಾಗೆ ಕೈಗೆ ದುಡ್ಡು ಬಂದ ಕಚೇರಿಯ ಉಳಿದವರು ಕಾರು ಕೊಂಡರು, ಫ್ಲಾಟು ಕೊಂಡರು. ಇವರು ಹೆಂಡತಿಗೆ ಹೊಸ ಅಡುಗೆಮನೆ ಕಟ್ಟಿಸಿಕೊಟ್ಟು, ಉಳಿದದ್ದರಲ್ಲಿ ಕನ್ನಡ ಸಿನಿಮಾ ತೆಗೆಯಲು ಹೊರಟರು. ಹೆಸರು 'ನ್ಯಾಯಕ್ಕೊಬ್ಬನೇ ಸೂರ್ಯಕಾಂತ'. ಕಥೆ, ಮಾತು, ಹಾಡು, ನಿರ್ಮಾಣ ಎಲ್ಲವೂ ಅವರದೇ. ನಾಯಕ ಒಬ್ಬ ಪ್ರಾಮಾಣಿಕ ಪೊಲೀಸ್ ಇನ್‌ಸ್ಪೆಕ್ಟರ್. ಅವನ ಪಾತ್ರ ಯಾರದು ಎಂದು ನೀವು ಕೇಳುವುದಿಲ್ಲ ಅಂದುಕೊಂಡಿದ್ದೇನೆ.

ಇಲ್ಲಿ ಹೆಸರಿನ ವಿಷಯ ಹೇಳಬೇಕು, ಯಾಕೆಂದರೆ ಈ ಕಥೆ ನಿಂತಿರುವುದೇ ಅದರ ಮೇಲೆ. ಬಸಲಿಂಗಮ್ಮ ಗಂಡನ ಹೆಸರು ಹೇಳುತ್ತಿರಲಿಲ್ಲ. ಕರೆಯುವಾಗ "ಕೇಳಿದ್ರೇನ್ರಿ", ಬೇರೆಯವರ ಮುಂದೆ "ನಮ್ಮ ಮನಿಯವರು". ಗ್ಯಾಸ್ ಕನೆಕ್ಷನ್ನಿನವನೋ ಮತದಾರರ ಪಟ್ಟಿಯವನೋ ಬಂದು "ಪತಿ ಕಾ ನಾಮ್?" ಎಂದರೆ, ಕೈಯಲ್ಲಿದ್ದ ಸೌಟಿನಿಂದ ಬಾಗಿಲ ಪಕ್ಕದ ಫಲಕ ತೋರಿಸುತ್ತಿದ್ದರು. ಅದಕ್ಕೆಂದೇ ಸೂರ್ಯಕಾಂತರು ಆ ಫಲಕವನ್ನು ತೆಲುಗು, ಇಂಗ್ಲಿಷ್, ಉರ್ದು ಮೂರರಲ್ಲೂ ಬರೆಸಿದ್ದರು. ಕನ್ನಡದಲ್ಲಿ ಬರೆಸಿರಲಿಲ್ಲ. ಕನ್ನಡದವರು ಬಂದರೆ ಆಕೆ ಬಾಯಿಬಿಟ್ಟು ಹೇಳಿಯಾಳು ಎಂಬ ಆಸೆಯಂತೆ.

ಅವರ ಕಡೆ ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಪ್ರಾಸ ಕಟ್ಟಿದ ಎರಡು ಮೂರು ಸಾಲಿನ ಒಡಪಿನೊಳಗೆ ಸೇರಿಸಿ ಹೇಳುತ್ತಾರೆ. ಮದುವೆಯಾಗಿ ಮನೆಗೆ ಬಂದ ಸೊಸೆಯನ್ನು ನಾದಿನಿಯರು ಹೊಸ್ತಿಲಲ್ಲೇ ತಡೆದು ನಿಲ್ಲಿಸಿ, ಒಡಪು ಹೇಳಿಸಿಕೊಂಡ ಮೇಲೆಯೇ ಒಳಗೆ ಬಿಡುವುದು ಪದ್ಧತಿ. ಬಸಲಿಂಗಮ್ಮ ಸೊಸೆಯಾಗಿ ಬಂದ ಸಂಜೆ, ಬಾಗಿಲು ತಡೆಯಬೇಕಾಗಿದ್ದ ಗಂಡನ ಅಕ್ಕ ಬಂಡೆಮ್ಮನಿಗೆ ಹೆರಿಗೆ ನೋವು ಕಾಣಿಸಿಕೊಂಡು ಮನೆಯ ಹೆಂಗಸರೆಲ್ಲ ಅತ್ತ ಓಡಿದ್ದರು. ಹೊಸ ಸೊಸೆ ಖಾಲಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಯಾರೂ ಕೇಳದ್ದರಿಂದ ತಾನೇ ಒಳಗೆ ಬಂದರಂತೆ. ಆಮೇಲೆ ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಎಷ್ಟು ಕಾರ್ಯಗಳಲ್ಲಿ ಕೇಳಿದರೂ ಪ್ರಾಸದ ಸಾಲುಗಳನ್ನು ಹೇಳಿ ಕೊನೆಗೆ "ನಮ್ಮ ಮನಿಯವರು" ಎಂದು ಮುಗಿಸಿಬಿಡುತ್ತಿದ್ದರು. ಹೊಸ್ತಿಲಲ್ಲಿ ಕೇಳದ ಹೆಸರು ಆಮೇಲೆ ಯಾಕೆ ಎಂಬುದು ಅವರ ವಾದ. ಇದನ್ನೆಲ್ಲ ಅವರೇ ನನಗೆ ರೊಟ್ಟಿ ಬಡಿಯುತ್ತ ಹೇಳಿದ್ದು.

ಚಿತ್ರೀಕರಣ ಭಾನುವಾರ ಮತ್ತು ಎರಡನೇ ಶನಿವಾರ ಮಾತ್ರ, ಸೂರ್ಯಕಾಂತರಿಗೆ ರಜೆ ಇದ್ದ ದಿನ. ದೊಡ್ಡ ಸಿನಿಮಾದವರು ಬಳಸಿ ಉಳಿದ ರೀಲಿನ ತುಂಡುಗಳನ್ನು ರಾಮದಾಸ ಎಲ್ಲಿಂದಲೋ ತರುತ್ತಿದ್ದ. ಒಂದು ತುಂಡು ಎರಡು ನಿಮಿಷ ಓಡಿದರೆ ಇನ್ನೊಂದು ಒಂದೇ ನಿಮಿಷ. ಹಾಗಾಗಿ ಒಂದೇ ಟೇಕ್. ಒಂದೂವರೆ ವರ್ಷ ಹೀಗೆ ನಡೆದದ್ದರಿಂದ, ಬೇಸಗೆಯಲ್ಲಿ ಬೆವರುತ್ತ ಬಾಗಿಲು ತೆರೆದ ಇನ್‌ಸ್ಪೆಕ್ಟರು ಒಳಗೆ ಕಾಲಿಡುವಾಗ ಚಳಿಗಾಲವಾಗಿ ಮಫ್ಲರ್ ಸುತ್ತಿಕೊಂಡಿದ್ದರು. ನಾನು ಸುಮ್ಮನಿರಲಾರದೆ, ಆಫೀಸಿನಲ್ಲಿ ಮಾಡುವ ಹಾಗೆ, ತಪ್ಪುಗಳನ್ನೆಲ್ಲ ಸಂಖ್ಯೆ ಹಾಕಿ ಪಟ್ಟಿ ಮಾಡಿ ಕೊಟ್ಟೆ. ನೂರಾ ಹದಿನಾಲ್ಕು ಇದ್ದವು. ಸೂರ್ಯಕಾಂತರು ಅದನ್ನು ಭಕ್ತಿಯಿಂದ ಓದಿ, ಮಡಚಿ, ಕಚೇರಿಯ ಕಡತದಂತೆ ಟ್ಯಾಗು ಹಾಕಿ ಕಪಾಟಿನಲ್ಲಿಟ್ಟರು.

ಖಳನಾಯಕ ಅವರ ಕಚೇರಿಯ ಹಣಮಂತರಾಯ. ಆಳು ನೋಡಲು ಎತ್ತರ, ದನಿ ಗುಡುಗು, ಎಲ್ಲ ಸರಿ. ಆದರೆ ಸೂರ್ಯಕಾಂತರು ಕಚೇರಿಯಲ್ಲಿ ಅವನಿಗಿಂತ ಹಿರಿಯರು. ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಲು ಅವನಿಗೆ ಬಾಯೇ ಬರುತ್ತಿರಲಿಲ್ಲ. ಪಿಸ್ತೂಲು ಹಿಡಿದು, ಕಣ್ಣು ಕೆಂಪಗೆ ಮಾಡಿ, "ನಿಮ್ಮನ್ನ ಜೀವಸಹಿತ ಬಿಡೂದಿಲ್ರೀ ಸರ್!" ಎಂದು ಅಬ್ಬರಿಸಿದ. ಬಿಟ್ಟರೆ "ಚಹಾ ತಗೋತೀರೇನ್ರಿ" ಎಂದೂ ಕೇಳುತ್ತಿದ್ದನೇನೋ. ಜನವರಿಯಲ್ಲಿ ನಾಂಪಲ್ಲಿ ಎಕ್ಸಿಬಿಷನ್ನಿನ ಜನಜಂಗುಳಿಯಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯ ತೆಗೆದರು, ಪುಕ್ಕಟೆ ಜನ ಸಿಗುತ್ತಾರೆಂದು. ಖಳನಾಯಕ ಪ್ರಾಣಭಯದಿಂದ ಓಡುತ್ತಿದ್ದಾಗ ಮಿರ್ಚಿ ತಿನ್ನುತ್ತಿದ್ದ ಮುದುಕರೊಬ್ಬರು "ಟೈಮ್ ಕಿತ್ನಾ ಹುವಾ ಮಿಯಾ?" ಎಂದರು. ಹಣಮಂತರಾಯ ನಿಂತು, ಗಡಿಯಾರ ನೋಡಿ, ಮರ್ಯಾದೆಯಿಂದ ಟೈಮು ಹೇಳಿ, ಮತ್ತೆ ಪ್ರಾಣಭಯದಿಂದ ಓಡಿದ. ಅವನು ಟೈಮು ಹೇಳಿ ಮುಗಿಸುವವರೆಗೆ ಹಿಂದೆ ಓಡಿಬರುತ್ತಿದ್ದ ಇನ್‌ಸ್ಪೆಕ್ಟರೂ ನಿಂತು ಕಾಯ್ದರು. ರಾಮದಾಸ ಅಳುವ ದನಿಯಲ್ಲಿ ಒನ್ ಮೋರ್ ಕೇಳಿದ. ಇರಲಿ ಬಿಡ್ರಿ ಎಂದರು ಸೂರ್ಯಕಾಂತರು.

ನಾಯಕನ ಹೆಂಡತಿಯ ಪಾತ್ರಕ್ಕೆ ಟೀವಿ ಧಾರಾವಾಹಿಯ ಒಬ್ಬ ತೆಲುಗು ಹುಡುಗಿ ಬಂದಿದ್ದಳು. ಅವಳಿಗೆ ಕನ್ನಡ ಬಾರದು. ಸುಮ್ಮನೆ ಒಕಟಿ, ರೆಂಡು, ಮೂಡು ಎಂದು ಅಂಕಿ ಹೇಳುತ್ತ ತುಟಿ ಆಡಿಸುತ್ತಿದ್ದಳು. ದನಿಯನ್ನು ಆಮೇಲೆ ನಾನು ಕೊಡುವುದೆಂದು ಗೊತ್ತಾಗಿತ್ತು. ನಾಲ್ಕನೇ ಭಾನುವಾರ ಅವಳು ಬರಲಿಲ್ಲ, ಐದನೆಯದಕ್ಕೂ ಬರಲಿಲ್ಲ. ಬೇರೆ ಹುಡುಗಿಯನ್ನು ಹುಡುಕೋಣ ಎಂದ ರಾಮದಾಸನಿಗೆ ಸೂರ್ಯಕಾಂತರು ಅಡುಗೆಮನೆಯ ಕಡೆ ಕೈ ತೋರಿಸಿದರು. "ಹುಡುಕೂದು ಯಾಕ? ಹೆಂಡತಿ ಪಾತ್ರ ಐತಿ, ಹೆಂಡತಿ ಅದಾಳ."

ಬಸಲಿಂಗಮ್ಮ ಒಂದು ವಾರ ಮಾತು ಬಿಟ್ಟರು. ಆಮೇಲೆ, ಸೀರೆ ತನ್ನದೇ ಉಡುತ್ತೇನೆ, ಬಣ್ಣ ಹಚ್ಚಿಕೊಳ್ಳುವುದಿಲ್ಲ, ಕುಣಿಯುವುದಿಲ್ಲ ಎಂದು ಷರತ್ತು ಹಾಕಿ ಒಪ್ಪಿಕೊಂಡರು. ಮೊದಲು ತೆಗೆದದ್ದನ್ನು ಬಿಡುವ ಮಾತೇ ಇಲ್ಲವಲ್ಲ. ಆ ಹುಡುಗಿಯ ದೃಶ್ಯಗಳು ಮುಗಿದ ಕಡೆ 'ಹತ್ತು ವರ್ಷಗಳ ನಂತರ' ಎಂದು ಫಲಕ ಹಾಕಿದರು. ಆ ಹತ್ತು ವರ್ಷದಲ್ಲಿ ಹೆಂಡತಿಯ ವಯಸ್ಸು ಇಪ್ಪತ್ತೈದು ವರ್ಷ ಏರಿತ್ತು. ಹೀರೋನದು ಒಂದು ದಿನವೂ ಏರಿರಲಿಲ್ಲ.

ಬಸಲಿಂಗಮ್ಮ ಒಪ್ಪಿಕೊಂಡ ಸಂಜೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಅಂಕಲ್, ಆಂಟಿಗೆ ಇಷ್ಟ ಇಲ್ಲ ಅಂತ ಗೊತ್ತಿದ್ದೂ ಯಾಕೆ ಎಳೀತಿದ್ದೀರಿ?"

ಅವರು ಚಿತ್ರಕಥೆಯ ಕೊನೆಯ ಹಾಳೆ ತೆಗೆದು ತೋರಿಸಿದರು. ಗುಂಡೇಟು ತಿಂದ ಇನ್‌ಸ್ಪೆಕ್ಟರು ಹೆಂಡತಿಯ ಮಡಿಲಲ್ಲಿ ಪ್ರಾಣ ಬಿಡುತ್ತಾನೆ. ಆ ದೃಶ್ಯದಲ್ಲಿ ಹೆಂಡತಿಗೆ ಒಂದೇ ಒಂದು ಮಾತು. 'ಸೂರ್ಯಕಾಂತಾ!'

"ಇಪ್ಪತ್ತಾರು ವರ್ಷ ಆತು ಕೃಪಾ" ಎಂದರು. "ಕಚೇರ್ಯಾಗ ಎಲ್ಲಾರೂ ಕರೀತಾರ. ಬ್ಯಾಂಕಿನ್ಯಾಗ ಕರೀತಾರ. ಆಕಿ ಬಾಯಾಗ ಹ್ಯಾಂಗ ಕೇಳಸ್ತೈತಿ ಅಂತ ನನಗ ಗೊತ್ತಿಲ್ಲ. ಸುಮ್ಮನ ಕೇಳಿದ್ರ ಹೇಳಂಗಿಲ್ಲ. ಸಿನಿಮಾದಾಗಾದ್ರೂ ಹೇಳ್ಯಾಳು ಅಂತ..." ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಪಂಚದ ಯಾವ ಗಂಡ ಇಂಥದ್ದಕ್ಕೆ ಸಿನಿಮಾ ತೆಗೆದಾನು! ದ್ವಾರಪಾಲಕನ ಹಟವೂ ಇತ್ತು, ಹೀರೋ ಆಗುವ ಹುಚ್ಚೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವೆಲ್ಲದರ ತಳದಲ್ಲಿ ಈ ಒಂದು ಮಾತಿತ್ತು. ಅವತ್ತಿನಿಂದ ಕೊಡೆಯನ್ನು ನಾನು ಬೇಸರವಿಲ್ಲದೆ ಹಿಡಿದೆ.

ಕೊನೆಯ ದೃಶ್ಯವನ್ನು ಅವರು ಮಾರಿದ್ದ ಪ್ಲಾಟಿನ ಹಿಂದಿನ ಬಂಡೆಗಳ ಮೇಲೆ ತೆಗೆದರು. ಎದುರಿಗೆ ಕಟ್ಟುತ್ತಿದ್ದ ಗಾಜಿನ ಕಟ್ಟಡದ ಕ್ರೇನು ಆಗಾಗ ಚೌಕಟ್ಟಿನೊಳಗೆ ಬಂದು ಇಣುಕಿ ಹೋಗುತ್ತಿತ್ತು. ಹಣಮಂತರಾಯ "ಕ್ಷಮಾ ಮಾಡ್ರಿ ಸರ್" ಎಂದು ಮೆಲ್ಲಗೆ ಹೇಳಿಯೇ ಗುಂಡು ಹಾರಿಸಿದ. ಸೂರ್ಯಕಾಂತರು ಎದೆ ಹಿಡಿದುಕೊಂಡು ಮೂರು ಸುತ್ತು ತಿರುಗಿ, ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿ ಸರಿಬರದೆ ಮತ್ತೆ ಮೊದಲಿನದಕ್ಕೇ ಬಂದು ಬಿದ್ದರು. ಬಸಲಿಂಗಮ್ಮ ಓಡಿಬಂದು ತಲೆಯನ್ನು ಮಡಿಲಿಗೆ ತೆಗೆದುಕೊಂಡರು. ಸೆರಗಿನಿಂದ ಹಣೆ ಒರೆಸಿದರು. ಇದು ಚಿತ್ರಕಥೆಯಲ್ಲಿ ಇರಲಿಲ್ಲ. ಆಮೇಲೆ, ಮೆಲ್ಲನೆಯ ದನಿಯಲ್ಲಿ, ಪಕ್ಕದಲ್ಲಿ ಕೊಡೆ ಮಡಚಿ ನಿಂತಿದ್ದ ನನಗಷ್ಟೇ ಕೇಳಿಸುವಂತೆ, ಒಡಪು ಶುರುಮಾಡಿದರು.

"ತಾಮ್ರದ ತಂಬಿಗ್ಯಾಗ ತಣ್ಣನ ನೀರು,
ನನ್ನ ಮ್ಯಾಲ ಸಿಟ್ಟಾದ್ರ ನನಗಿನ್ಯಾರು..."

ಮಡಿಲಲ್ಲಿದ್ದ ಸೂರ್ಯಕಾಂತರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಬಸಲಿಂಗಮ್ಮ ಅವರ ಮುಖ ನೋಡಿದರು. ತುಟಿ ಕಚ್ಚಿಕೊಂಡರು. ಮುಂದೆ ಮಾತೇ ಇಲ್ಲ. ರೀಲು ಮುಗಿದು ಕ್ಯಾಮೆರಾ ಟಕ್ಕೆಂದು ನಿಂತಿತು. "ರೀಲ್ ಅಯಿಪೋಯಿಂದಿ ಸಾರ್" ಎಂದ ರಾಮದಾಸ. ಸೂರ್ಯಕಾಂತರು ಎದ್ದು ಕೂತು ಬಾಯಿ ತೆರೆದರು. ಒನ್ ಮೋರ್ ಎಂದೇ ಅನ್ನುತ್ತಾರೆ ಅಂದುಕೊಂಡೆ. ಬಾಯಿ ಹಾಗೇ ಮುಚ್ಚಿ, ಪ್ಯಾಂಟಿನ ಧೂಳು ಕೊಡವಿ, "ಇರಲಿ ಬಿಡ್ರಿ" ಎಂದರು.

ಬಸಲಿಂಗಮ್ಮ ಡಬ್ಬಿಂಗ್ ಸ್ಟುಡಿಯೋಗೆ ಬರಲಿಲ್ಲ. ಮೈಕಿನ ಮುಂದೆ ನಿಂತು ಹೆಸರು ಕೂಗಲು ನಾನೇನು ತರಕಾರಿ ಮಾರುವವಳೇ ಎಂದರು. ಕೊನೆಗೆ ಆ ಒಂದು ಮಾತಿಗೂ ನನ್ನದೇ ದನಿ ಎಂದಾಯಿತು. ಪರದೆಯ ಮೇಲೆ ಬಸಲಿಂಗಮ್ಮನ ತುಟಿಗಳು ಆಡುತ್ತಿದ್ದವು. ಒಡಪು ನನಗೆ ನೆನಪಿತ್ತು, ಅದನ್ನೂ ಹೇಳಿಬಿಡಲೇ ಎಂದೆ. ಸೂರ್ಯಕಾಂತರು ತಲೆ ಅಲ್ಲಾಡಿಸಿದರು. "ಬ್ಯಾಡವ್ವ. ಅದು ಆಕೀದು. ನೀ ಹೆಸರಷ್ಟ ಕೂಗು." ನಾನು ಕೂಗಿದೆ. ನನ್ನ ಮೈಸೂರಿನ ಗಂಟಲಿನಲ್ಲಿ, ಬಸ್ ತಪ್ಪಿದವಳ ಹಾಗೆ, "ಸೂರ್ಯಕಾಂತಾ!" ಎಂದೆ. ಅವರು "ಛಲೋ ಆತು" ಎಂದು ಹೇಳಿ ಹೊರಗೆ ಹೋಗಿ ಕುಡಿಯುವ ನೀರಿನ ಕೊಡದ ಹತ್ತಿರ ಬಹಳ ಹೊತ್ತು ನಿಂತರು. ಬೇರೆಯವರ ಒಡವೆ ಹಾಕಿಕೊಂಡು ಫೋಟೋ ತೆಗೆಸಿಕೊಂಡ ಹಾಗೆ ನನಗೆ ನಾಚಿಕೆಯಾಯಿತು.

ಹಿಮಾಯತ್‌ನಗರದ ಹತ್ತಿರದ ಒಂದು ಹಳೆಯ ಥಿಯೇಟರಿನಲ್ಲಿ ಭಾನುವಾರ ಬೆಳಗಿನ ಒಂದು ಆಟಕ್ಕೆ ಬಾಡಿಗೆ ಕಟ್ಟಿದರು. ಕಚೇರಿಯವರು, ಕಾಲೊನಿಯವರು, ಹೈದರಾಬಾದಿನಲ್ಲಿದ್ದ ಅವರ ಕಡೆಯ ಮನೆಗಳವರು, ನನ್ನ ಆಫೀಸಿನ ಗೆಳೆಯರು, ಎಲ್ಲರಿಗೂ ಕರೆ ಹೋಗಿತ್ತು. ಲಿಂಗಸುಗೂರಿನಿಂದ ಬಂಡೆಮ್ಮ ಹನ್ನೆರಡು ಮಂದಿ ಹೆಂಗಸರನ್ನು ಕರೆದುಕೊಂಡು ರೊಟ್ಟಿ ಬುತ್ತಿಯ ಸಮೇತ ಬಂದಿಳಿದರು. ಅರವತ್ತು ದಾಟಿದ, ಗಂಡಸಿನಂಥ ದನಿಯ ಗಟ್ಟಿ ಹೆಂಗಸು. ತಮ್ಮನ ಪೋಸ್ಟರ್ ನೋಡಿ, "ನಮ್ಮ ಸೂರ್ಯಾ ಪೊಲೀಸ್ ಆಗ್ಯಾನ! ಸಣ್ಣಾವಿದ್ದಾಗ ಕತ್ತಲಿಗೆ ಅಂಜಿ ನನ್ನ ಸೆರಗ ಹಿಡೀತಿದ್ದ" ಎಂದು ಎಲ್ಲರ ಮುಂದೆ ಹೇಳಿದರು. ರೇಷ್ಮೆ ಅಂಗಿ ತೊಟ್ಟ ಸೂರ್ಯಕಾಂತರು ಮೊದಲ ಸಾಲಿನಲ್ಲಿ ಒಬ್ಬರೇ ಕುಳಿತರು. ನಾನು, ಬಸಲಿಂಗಮ್ಮ ಹಿಂದಿನ ಸಾಲುಗಳಲ್ಲಿ ಒಂದು ಕಡೆ.

ಮೊದಲ ಹತ್ತು ನಿಮಿಷ ಜನ ಮರ್ಯಾದೆಯಿಂದ ಕೂತಿದ್ದರು. ಮೀಸೆ ಹಾರಿದಾಗ ಯಾರೋ ಕೆಮ್ಮಿದರು. ಬೇಸಗೆಯಿಂದ ಚಳಿಗಾಲಕ್ಕೆ ಬಾಗಿಲು ದಾಟಿದಾಗ ಕೆಮ್ಮು ಹೆಚ್ಚಿತು. ಹಣಮಂತರಾಯ "ಬಿಡೂದಿಲ್ರೀ ಸರ್" ಎಂದದ್ದೇ ತಡ, ಕಟ್ಟೆ ಒಡೆಯಿತು. ಎಕ್ಸಿಬಿಷನ್ನಿನಲ್ಲಿ ಟೈಮು ಹೇಳಿದಾಗ ನನ್ನ ಸಹೋದ್ಯೋಗಿ ಪ್ರಜ್ವಲ ಕುರ್ಚಿಯಿಂದ ಜಾರಿ ಕೆಳಗೆ ಕೂತ. ಹತ್ತು ವರ್ಷದಲ್ಲಿ ಹೆಂಡತಿ ಅಡಿಯಿಂದ ಮುಡಿಯವರೆಗೆ ಬದಲಾಗಿಯೂ ದನಿ ಮಾತ್ರ ಅದೇ ಮೈಸೂರಿನ ಹುಡುಗಿಯದ್ದಾಗಿ ಉಳಿದದ್ದಕ್ಕೆ ಚಪ್ಪಾಳೆ ಬಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಣಮಂತರಾಯ ತಾನೇ ಮೊಣಕಾಲು ಬಡಿದುಕೊಂಡು ನಗುತ್ತಿದ್ದ. ಮೊದಲ ಸಾಲಿನ ರೇಷ್ಮೆ ಅಂಗಿ ಮಾತ್ರ ಅಲುಗಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಅದನ್ನು ನೋಡಿದ ಮೇಲೆ ನಾನು ನಗುವುದನ್ನು ನಿಲ್ಲಿಸಿದೆ.

ಕೊನೆಯ ದೃಶ್ಯ ಬಂತು. ಮೂರು ಸುತ್ತು, ಎರಡು ಬಂಡೆ, ಇಣುಕುವ ಕ್ರೇನು. ಬಸಲಿಂಗಮ್ಮನ ತುಟಿಗಳು ದೊಡ್ಡ ಪರದೆಯ ಮೇಲೆ ಎಷ್ಟೋ ಹೊತ್ತು ಸದ್ದಿಲ್ಲದೆ ಆಡಿದವು. ಅವು ನಿಂತು, ಬಾಯಿ ಪೂರ್ತಿ ಮುಚ್ಚಿದ ಮೇಲೆ ನನ್ನ ದನಿ ಒಂದೇ ಸಲ ಚೀರಿತು. "ಸೂರ್ಯಕಾಂತಾ!" ಥಿಯೇಟರು ಬಿದ್ದು ಬಿದ್ದು ನಕ್ಕಿತು. ಲಿಂಗಸುಗೂರಿನ ಹೆಂಗಸರ ಸಾಲಿನಿಂದ "ಅಯ್ಯ ಶಿವನ, ಬಸಲಿಂಗಿ ಗಂಡನ ಹೆಸರು ಹಿಡದು ಒದರಾಕತ್ತಾಳ!" ಎಂದು ಕೂಗು ಬಂತು.

"ನಾ ಒದರಿಲ್ಲ" ಎಂದರು ಬಸಲಿಂಗಮ್ಮ ನನ್ನ ಪಕ್ಕದಲ್ಲಿ, ಮೆಲ್ಲಗೆ. "ಇವರ್ಯಾಕ ನಗಾಕತ್ತಾರ ಕೃಪವ್ವ? ಮನಷ್ಯಾ ಸತ್ತಾನ, ನಗಾಕತ್ತಾರ."

ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಅವರ ಮೇಲೂ ಬಂತು. "ಆಂಟಿ, ನಿಮಗೆ ಗೊತ್ತಾ? ನಿಮ್ಮ ಬಾಯಲ್ಲಿ ಅವರ ಹೆಸರು ಕೇಳಬೇಕು ಅಂತಲೇ ಅಂಕಲ್ ಇಷ್ಟೆಲ್ಲ ಮಾಡಿದ್ದು."

"ಗೊತ್ತೈತಿ."

"ಗೊತ್ತಿದ್ದೂ ಅವತ್ತು ಯಾಕೆ ನಿಲ್ಲಿಸಿದ್ರಿ? ಒಂದೇ ಪದ ಉಳಿದಿತ್ತಲ್ಲ!"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಅವರ ಗಂಡ ಅವರ ಮಡಿಲಲ್ಲಿ ಸತ್ತು ಬಿದ್ದಿದ್ದರು. "ಹೇಳಬೇಕಂತನ ಕುಂತಿದ್ದೆ. ಮಾರಿ ನೋಡಿದೆ. ಕಣ್ಣ ಮುಚ್ಚಿದ್ರು, ಉಸರ ಇರಲಿಲ್ಲ. ಸತ್ತವರ ಮುಂದ ಒಡಪ ಹೇಳ್ತಾರೇನವ್ವ? ಅದು ಮುತ್ತೈದೆತನದ ಮಾತು. ನನ್ನ ಜೀವ ಝಲ್ ಅಂತು. ಬಾಯಿ ಬರಲಿಲ್ಲ."

ನಾನು ನೂರಾ ಹದಿನಾಲ್ಕು ತಪ್ಪು ಬರೆದುಕೊಟ್ಟವಳು. ಇದೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಪ್ಪತ್ತೆಂಟು ವರ್ಷ ಕಾಯ್ದ ಮಾತನ್ನು ಈ ಮನುಷ್ಯ ತಂದಿಟ್ಟದ್ದು ಸಾಯುವ ದೃಶ್ಯದಲ್ಲಿ! ಇನ್ನೂರು ಜನ ತುಂಬಿದ್ದ ಆ ಥಿಯೇಟರಿನಲ್ಲಿ ಸೂರ್ಯಕಾಂತರ ನಟನೆಯನ್ನು ನಿಜವೆಂದು ನಂಬಿದವರು ಒಬ್ಬರೇ ಇದ್ದರು. ಅವರು ನಂಬಿದ್ದರಿಂದಲೇ ಮಾತು ಬರಲಿಲ್ಲ.

ಆಟ ಮುಗಿದು ದೀಪ ಹತ್ತಿತು. ಸೂರ್ಯಕಾಂತರು ಎಲ್ಲರಿಗಿಂತ ಮೊದಲು ಎದ್ದು ಹೊರಬಾಗಿಲಿನ ಆಚೆ ಪೇಢೆಯ ಡಬ್ಬ ಹಿಡಿದು ನಿಂತಿದ್ದರು. ಜನ ಒಬ್ಬೊಬ್ಬರಾಗಿ ಹೊರಬಂದು, ಅವರ ಮುಖ ನೋಡಲಾರದೆ, ಪೇಢೆ ತೆಗೆದುಕೊಂಡು "ಭಾಳ ಛಲೋ ಐತ್ರಿ" ಎಂದು ಪೇಢೆಗೋ ಸಿನಿಮಾಕ್ಕೋ ಹೇಳಿ ಸರಿದುಹೋಗುತ್ತಿದ್ದರು. ನಾಲ್ಕು ಹೆಜ್ಜೆ ಆಚೆ ಹೋಗಿ ಭುಜ ಕುಲುಕಿಸುತ್ತಿದ್ದರು. ಸೂರ್ಯಕಾಂತರು ಪ್ರತಿಯೊಬ್ಬರಿಗೂ ತಲೆಬಾಗಿ ನಮಸ್ಕಾರ ಮಾಡುತ್ತಿದ್ದರು. ಆರು ವರ್ಷ ಈಟಿ ಹಿಡಿದು ನಿಂತದ್ದೂ ಹೀಗೆಯೇ ಇರಬೇಕು ಅನ್ನಿಸಿತು.

ಬಸಲಿಂಗಮ್ಮ ಬಾಗಿಲ ಹತ್ತಿರ ಬಂದಾಗ, ಮುಂದೆ ಹೋಗಿದ್ದ ಬಂಡೆಮ್ಮ ಗಕ್ಕನೆ ತಿರುಗಿ, ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಅಡ್ಡ ಹಿಡಿದರು.

"ಎಲ್ಲಿ ಹೊಂಟಿ? ಬರಿಬಾಯಾಗ ಗಂಡನ ಹೆಸರು ಒದರಿ ಹಂಗ ಹೊಂಟಿಯೇನು? ಒಡಪ ಹೇಳು, ಬಿಡ್ತೀನಿ."

"ಅಕ್ಕಾರ, ಅದು ನನ್ನ ದನಿ ಅಲ್ಲರಿ..."

"ಯಾರ ದನಿನ ಇರಲಿ, ಬಾಯಿ ನಿಂದ. ಅವತ್ತು ನಾ ಹಡ್ಯಾಕ ಹೋಗಿದ್ದೆ ಅಂತ ಪಾರಾದಿ. ಇವತ್ತ ಬಿಡಂಗಿಲ್ಲ." ಹಿಂದಿದ್ದ ಹನ್ನೆರಡು ಹೆಂಗಸರೂ ಸೆರಗು ಸಿಕ್ಕಿಸಿ ನಿಂತರು. ಹೊರಗೆ ಹೋಗಿದ್ದವರು ಏನಾಯಿತೆಂದು ತಿರುಗಿ ಬಂದರು. ಬಾಗಿಲ ಆಚೆ ಸೂರ್ಯಕಾಂತರು ಪೇಢೆ ಡಬ್ಬ ಹಿಡಿದು ನಿಂತೇ ಇದ್ದರು. "ಅಕ್ಕಾ, ಬಿಡು. ಆಕೀಗೆ ಸೇರೂದಿಲ್ಲ. ಇರಲಿ ಬಿಡು" ಎಂದರು. ಆ 'ಇರಲಿ ಬಿಡು' ಕೇಳಿ ಬಸಲಿಂಗಮ್ಮ ತಲೆ ಎತ್ತಿದರು. ಬಂಡೆಮ್ಮನ ತೋಳಿನ ಮೇಲಿಂದ ಗಂಡನನ್ನು ನೋಡಿದರು. ಅವರು ಕಣ್ಣು ಬಿಟ್ಟುಕೊಂಡಿದ್ದರು. ಉಸಿರಾಡುತ್ತಿದ್ದರು. ಮೂಗಿನ ತುದಿಗೆ ಪೇಢೆಯ ಪುಡಿ ಅಂಟಿತ್ತು.

ಬಸಲಿಂಗಮ್ಮ ಸೆರಗು ಸರಿಮಾಡಿಕೊಂಡರು. ಈ ಸಲ ಮೆಲ್ಲನೆಯ ದನಿಯಲ್ಲ, ಥಿಯೇಟರಿನ ಗೇಟಿನವರೆಗೂ ಕೇಳುವ ದನಿ.

"ತುಂಡ ತುಂಡ ರೀಲಿಗೆ ಹಚ್ಯಾರ ಅಂಟು,
ಮಂದಿ ನಕ್ಕರ ಹೋಗೂದಿಲ್ಲ ನಮ್ಮ ಗಂಟು,
ಸೂರ್ಯಕಾಂತರಾಯರ ಕೂಡ ನನಗ ಇಪ್ಪತ್ತೆಂಟು ವರ್ಷದ ನಂಟು!"

ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಹಣಮಂತರಾಯ ಸಿಳ್ಳೆ ಹಾಕಿದ. ಜನ ಈಗಲೂ ನಕ್ಕರು, ಆದರೆ ಒಳಗೆ ಕತ್ತಲಲ್ಲಿ ನಕ್ಕ ನಗುವಲ್ಲ ಅದು. ಪರದೆಯ ಮೇಲೆ ಸಾಯಲು ಪೂರ್ತಿ ಎರಡು ನಿಮಿಷ ತೆಗೆದುಕೊಂಡಿದ್ದ ಸೂರ್ಯಕಾಂತರು ಇಲ್ಲಿ ಏನೂ ಮಾಡಲಿಲ್ಲ. ಕೈ ಎತ್ತಲಿಲ್ಲ, ಎದೆ ಮುಟ್ಟಿಕೊಳ್ಳಲಿಲ್ಲ. ಡಬ್ಬ ವಾಲಿ ಪೇಢೆ ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಕೊನೆಗೆ, ಬಹಳ ಸಣ್ಣ ದನಿಯಲ್ಲಿ ಎಂದರು.

"ಒನ್ ಮೋರ್."

ಒಂದೂವರೆ ವರ್ಷ ಆ ಮಾತಿಗಾಗಿ ಕಾಯ್ದಿದ್ದ ರಾಮದಾಸ ಹಣೆ ಬಡಿದುಕೊಂಡ. "ಇಪ್ಪುಡಾ ಸಾರ್ ಅಡಿಗೇದಿ!" ಅದನ್ನು ಕೇಳುವುದು ಈಗಲಾ ಎನ್ನುವಾಗ ಅವನ ಕಣ್ಣೂ ಒದ್ದೆಯಾಗಿತ್ತು.

"ಒಂದ ಟೇಕ್ ಅಂತ ನೀವ ಹೇಳಿದ್ರಲ್ಲ" ಎಂದರು ಬಸಲಿಂಗಮ್ಮ, ಬಿದ್ದ ಪೇಢೆಗಳನ್ನು ಆರಿಸುತ್ತ. "ರೀಲ್ ಮುಗದೈತಿ. ನಡೀರಿ, ಮಂದಿಗೆ ಊಟಕ್ಕ ಹೊತ್ತಾತು."

ಮನೆಯಲ್ಲಿ ಊಟ ಮುಗಿದು, ಲಿಂಗಸುಗೂರಿನವರು ಸಂಜೆಯ ಬಸ್ಸಿಗೆ ಹೊರಟರು. ಮೂವರೂ ಹೋಗಿ ಅವರನ್ನು ಬಸ್ ಹತ್ತಿಸಿ ಬಂದೆವು. ಬೀಗ ತೆಗೆದು ಮೊದಲು ಒಳಗೆ ಹೋದದ್ದು ಸೂರ್ಯಕಾಂತರು. ಹೋದವರು ತಿರುಗಿ, ಅಕ್ಕ ನಿಂತಿದ್ದ ಹಾಗೆಯೇ ಎರಡೂ ಕೈಗಳನ್ನು ಚೌಕಟ್ಟಿಗೆ ಅಡ್ಡ ಹಿಡಿದು ಹೊಸ್ತಿಲಲ್ಲಿ ನಿಂತರು. ಪಕ್ಕದಲ್ಲಿ ಅವರ ಹೆಸರು ಮೂರು ಭಾಷೆಯಲ್ಲಿತ್ತು. ಬಸಲಿಂಗಮ್ಮ ಖಾಲಿ ಬುತ್ತಿಯ ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತರು. ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದರು.

ಇಲ್ಲಿ ನನ್ನ ದನಿಯ ಕೆಲಸವಿರಲಿಲ್ಲ, ಕಿವಿಯ ಕೆಲಸವೂ ಇರಲಿಲ್ಲ. ನಾನು ಪಕ್ಕದ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.